ಕೊಡೆಕಡ್ಡಿಯ ಮೇಲೆ ಬಂದ ಗೂಡ್ಸ್ ಗಾಡಿ

ನಮ್ಮ ಮನೆಯಲ್ಲಿ ಕೊಡೆ ಹರಿದರೆ ಅದರ ಬಟ್ಟೆಯನ್ನು ಯಾರು ಬೇಕಾದರೂ ಒಯ್ಯಬಹುದು, ಕಡ್ಡಿಗಳನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಗೋಣಿತಟ್ಟಿನಲ್ಲಿ ಸುತ್ತಿದ ಅಂಥ ಕಡ್ಡಿಗಳ ಒಂದು ಕಟ್ಟು ಅಟ್ಟದ ಮೇಲಿದೆ. ದೀಪಾವಳಿಯ ಮುಂದೆ ಮನೆ ಸ್ವಚ್ಛ ಮಾಡುವಾಗ ಹೆಂಡತಿ ಅದನ್ನು ತಪ್ಪದೆ ಅಂಗಳಕ್ಕೆ ತಂದು ಹಾಕಿ, "ಇವನ್ನೇನ ಹೊಲದಾಗ ಬಿತ್ತಾವ್ರದೀರೇನು?" ಎಂದು ಕೇಳುತ್ತಾಳೆ. ನಾನು ಕಟ್ಟನ್ನು ಎತ್ತಿ ಮತ್ತೆ ಅಟ್ಟಕ್ಕೇರಿಸುತ್ತೇನೆ. ಕೆಲವು ವಾದಗಳನ್ನು ಏಣಿ ಹತ್ತಿಯೇ ಮುಗಿಸಬೇಕು.

ಕೊಡೆಯ ಕಡ್ಡಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಅದು ದುಂಡಗಿರುವುದಿಲ್ಲ. ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತದೆ. ಆ ಕಾಲುವೆಯಲ್ಲಿ ಅಂಗಿಯ ಗುಂಡಿಯನ್ನು ನಿಲ್ಲಿಸಿ ತಳ್ಳಿದರೆ ಬೀಳದೆ ಉರುಳಿಕೊಂಡು ಹೋಗುತ್ತದೆ. ಇದನ್ನು ಕಂಡುಹಿಡಿದವನು ನಾನು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ನೌಕರಿಯ ದಾರಿ ಕಾಯುತ್ತ ಊರಲ್ಲಿ ಕುಳಿತಿದ್ದವನು ವಿಜ್ಞಾನಕ್ಕೆ ಸಲ್ಲಿಸಿದ ಸೇವೆ ಇದೊಂದೇ. ಆದರೆ ಅದು ಉಪಯೋಗಕ್ಕೆ ಬಂತು. ಎಷ್ಟು ಜನ ಪದವೀಧರರು ಹಾಗೆ ಹೇಳಿಕೊಳ್ಳಬಲ್ಲರು?

ಇದು ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಸಂಶಿಯ ಹತ್ತಿರ. ಸಂತೆ, ಶಾಲೆ, ಬಸ್ಸು ಎಲ್ಲದಕ್ಕೂ ನಾವು ಸಂಶಿಗೇ ಹೋಗಬೇಕು. ಸಂಶಿಗೂ ನಮಗೂ ನಡುವೆ ರೈಲು ಹಳಿ. ಗಾಡಿದಾರಿ ಹಳಿಯನ್ನು ದಾಟುವಲ್ಲಿ ಗೇಟಿರಲಿಲ್ಲ, ಎರಡು ಕಡೆಯ ಏರು ಮಾತ್ರ ಇತ್ತು. ನಮ್ಮ ಓಣಿಯಲ್ಲಿ ಗಡಿಯಾರವಿದ್ದ ಮನೆಗಳು ಕಡಿಮೆ, ಇದ್ದ ಗಡಿಯಾರಗಳ ಮೇಲೆ ನಂಬಿಕೆ ಇನ್ನೂ ಕಡಿಮೆ. ಎಲ್ಲರೂ ನಂಬಿದ್ದು ಹೊಗೆಯನ್ನು. ಮುಂಜಾನೆಯ ಗಾಡಿಯ ಹೊಗೆ ಬೇಲಿಯ ಮೇಲೆ ಕಂಡರೆ ಅವ್ವ ಬುತ್ತಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಹೊಗೆ ಕಂಡರೆ ಹೊಲದಲ್ಲಿ ಕಳೆ ತೆಗೆಯುವವರು ಸೊಂಟ ನೆಟ್ಟಗೆ ಮಾಡುತ್ತಿದ್ದರು. ನಮ್ಮದು ಗಿಡಮರ ಕಡಿಮೆಯ ಎರೆಭೂಮಿ. ರೈಲು ಕಾಣುವ ಎಷ್ಟೋ ಮೊದಲು ಅದರ ಹೊಗೆ ಆಕಾಶದಲ್ಲಿ ಕಾಣುತ್ತಿತ್ತು.

ಆ ಕಲ್ಲಿದ್ದಲ ಎಂಜಿನ್ನುಗಳಿಗೆ ಇನ್ನೊಂದು ಗುಣವಿತ್ತು. ಕಿಡಿ ಉಗುಳುತ್ತಿದ್ದವು. ನಾನು ಚಿಕ್ಕವನಿದ್ದಾಗ ಹಳಿಯ ಪಕ್ಕದ ಒಂದು ಬಣವೆ ಕಿಡಿ ಬಿದ್ದು ಹೊತ್ತಿ, ಊರಿಗೆ ಊರೇ ಕೊಡ ಹಿಡಿದುಕೊಂಡು ಓಡಿತ್ತು. ಅಂದಿನಿಂದ ಹಳಿಯ ಹತ್ತಿರ ಯಾರೂ ಜೋಳದ ಕಣಿಕೆಯ ಬಣವೆ ಒಟ್ಟುತ್ತಿರಲಿಲ್ಲ. ಮುಂದೆ ಡೀಸೆಲ್ ಎಂಜಿನ್ನುಗಳು ಒಂದೊಂದಾಗಿ ಬಂದವು. ಕಲ್ಲಿದ್ದಲಿನವು ಅಪರೂಪವಾದವು, ಕಿಡಿಯ ಭಯ ಹೋಯಿತು. ಎರೆಹೊಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲದ ಎತ್ತರದ ಜಾಗ ಅಂದರೆ ಹಳಿಯ ಬಾಜುವಿನದೇ. ಬಣವೆಗಳು ಅಲ್ಲಿಗೆ ಬಂದವು. ನಮ್ಮದೂ ಬಂತು.

ಹೊಗೆ, ಕಿಡಿ ಎಂದು ಎಲ್ಲಿಗೋ ಹೋದೆ. ಹೇಳಬೇಕಾದದ್ದು ಈರಪ್ಪ ಕಾಕಾನ ವಿಷಯ.

ಈರಪ್ಪ ಕಾಕಾ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಎತ್ತುಗಳ ಜೊತೆ ಮಾತಾಡುವುದರಲ್ಲೇ ಅವನ ಮಾತೆಲ್ಲ ಖರ್ಚಾಗುತ್ತಿತ್ತು, ಉಳಿದದ್ದು ನಮ್ಮನ್ನು ಕೆಣಕುವುದಕ್ಕೆ. ಜೋಳದ ದಂಟಿನ ಬೆಂಡಿನಲ್ಲಿ ನನಗೆ ಮೊದಲ ಗಾಡಿ ಮಾಡಿಕೊಟ್ಟವನು ಅವನೇ. ನಾನು ಪಾಸಾಗಿ ಬಂದ ದಿನ, "ಬಿ.ಎಸ್ಸಿ. ಅಂದ್ರ ಏನ ಓದಿದಂಗಾತಲೇ ಮಲ್ಲೂ?" ಎಂದು ಕೇಳಿದ. ಬೆಳಕು, ಶಬ್ದ, ಚಲನೆ ಎಂದೆ. "ಹಂಗಾರ ಎತ್ತಿಗೂ ಗೊತ್ತೈತಿ," ಎಂದ.

ಆ ವರ್ಷದ ನಾಗರಪಂಚಮಿಗೆ ಶಾಂತಕ್ಕನನ್ನು ಕರೆತರಲು ಕಾಕಾ ಮತ್ತು ನಾನು ಸಂಶಿಗೆ ಗಾಡಿ ಹೂಡಿಕೊಂಡು ಹೋದೆವು. ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲೇಬೇಕು. ಅಕ್ಕ ಬಸ್ಸಿಳಿದು, ಟ್ರಂಕು ಗಾಡಿಯಲ್ಲಿಟ್ಟು, ತೊಡೆಯ ಮೇಲೆ ಎಳೆಗೂಸನ್ನು ಹಾಕಿಕೊಂಡು ಕುಳಿತಳು. ಶ್ರಾವಣದ ಗಾಳಿ ಕಿವಿಯಲ್ಲಿ ಹೊಕ್ಕು ಕೂಗುತ್ತಿತ್ತು. ಹಬ್ಬವೆಂದು ಕಾಕಾ ಎತ್ತುಗಳಿಗೆ ಗೆಜ್ಜೆಸರ ಕಟ್ಟಿದ್ದ. ಹಳಿಯ ಏರು ಬಂದಾಗ ಭಾರ ಕಡಿಮೆಯಾಗಲೆಂದು ನಾನು ಇಳಿದು, ಗಾಡಿಯ ಹಿಂದೆ ಕೈ ಕೊಟ್ಟು ನಡೆದೆ. ಕಾಕಾ ಏರಿನ ಕೆಳಗೆ ಗಾಡಿಯನ್ನು ಒಂದು ಗಳಿಗೆ ನಿಲ್ಲಿಸಿದ, ಆಕಾಶ ನೋಡಿದ, "ಹೂಂ" ಎಂದ. ಎತ್ತುಗಳು ಏರಿದವು.

ಎತ್ತುಗಳ ಮುಂಗಾಲು ಹಳಿ ದಾಟಿದ್ದಾಗ ಎಡಕ್ಕೆ ನಮ್ಮ ಬಣವೆಯ ಬದಿಯಿಂದ ಗೂಡ್ಸ್ ಗಾಡಿ ಹೊರಗೆ ಬಂತು. ಬಂತು ಎಂದರೆ ಸರಿಯಾಗುವುದಿಲ್ಲ. ಇರಲಿಲ್ಲ, ಇತ್ತು. ಕಾಕಾ ಬಾರಕೋಲನ್ನು ತಿರುವಿ ಹಿಡಿದು ಅದರ ಹಿಡಿಯಿಂದ ಎರಡೂ ಎತ್ತುಗಳಿಗೆ ಹೊಡೆದ. ಅವನು ಎತ್ತಿಗೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಾಡಿ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ನಾನು ಹಿಂದಕ್ಕೆ ಬಿದ್ದೆ. ನನಗೂ ಗಾಡಿಗೂ ನಡುವೆ ರೈಲು ಬಂತು.

ಈಗಲೂ ನೆನಪಿನಲ್ಲಿ ನಾನು ಹೊರಳಿ ಹೋಗಿ ನಿಲ್ಲುವುದು ಅಲ್ಲೇ. ಆಚೆ ಅಕ್ಕ ಇದ್ದಾಳೋ, ಕೂಸು ಇದೆಯೋ, ಕಾಕಾ ಇದ್ದಾನೋ ತಿಳಿಯುವುದಿಲ್ಲ. ಮುಂದೆ ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ. ನಾನು ಎಣಿಸತೊಡಗಿದೆ. ಯಾಕೆಂದು ಗೊತ್ತಿಲ್ಲ. ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಡಬ್ಬಿಗಳ ಸಂದಿಯಲ್ಲಿ ಆಚೆಯ ಬೆಳಕು ಮಿಣಕುತ್ತಿತ್ತು, ಅದರಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕೊನೆಯ ಡಬ್ಬಿ ಸರಿದಾಗ ಗಾಡಿ ಆಚೆಯ ಇಳಿಜಾರಿನಲ್ಲಿ ಅಡ್ಡಡ್ಡ ನಿಂತಿತ್ತು. ಅಕ್ಕ ಕೂಸನ್ನು ಅವಚಿಕೊಂಡು ಕೂತಿದ್ದಳು. ಕೂಸು ನಿದ್ದೆಯಲ್ಲಿತ್ತು. ಕಾಕಾ ಕೆಳಗಿಳಿದು, ಬಾಯಿ ತೆರೆದುಕೊಂಡು, ಆಕಾಶ ನೋಡುತ್ತ ನಿಂತಿದ್ದ.

ಮನೆಯಲ್ಲಿ ಅಕ್ಕ ಅಳುತ್ತ ಹೇಳಿದ್ದು ಇದನ್ನೇ: "ರೈಲ ಬರಾಕತ್ತಿತ್ತು ಅಪ್ಪಾ, ಕಾಕಾ ಮ್ಯಾಲೆ ನೋಡ್ಕೋತ ಗಾಡಿ ಹೊಡದಾ." ಅವಳು ಸುಳ್ಳು ಹೇಳಲಿಲ್ಲ. ನಾನೂ ಅದನ್ನೇ ನೋಡಿದ್ದೆ. ಅಪ್ಪ ಮಾತು ಬೆಳೆಸುವ ಮನುಷ್ಯನಲ್ಲ. "ಈರಾ, ಇನ್ನ ನೀ ಗಾಡಿ ಹೂಡಬ್ಯಾಡ," ಎಂದ. ಕಾಕಾ ಎದ್ದ. ಬಾರಕೋಲನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿ, "ನನ್ನ ಕಣ್ಣ ಹೋಗ್ಯಾವು ಕಾಣತೈತಿ," ಎಂದ. ಹೇಳಿದ್ದು ನಮಗಲ್ಲ, ಗೂಟಕ್ಕೆ.

ಮರುದಿನದಿಂದ ಆಳು ಗಾಡಿ ಹೂಡಿದ. ಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆದ. ನಮಗೆ ಬೇಕಾದದ್ದಕ್ಕಿಂತ ಹೆಚ್ಚು ಹಗ್ಗ ಮನೆಯಲ್ಲಿ ಸೇರಿತು. ಗಾಡಿ ಅಂಗಳ ಬಿಡುವಾಗ ಎತ್ತುಗಳು ಅವನ ಕಡೆಗೆ ಕತ್ತು ತಿರುಗಿಸುತ್ತಿದ್ದವು, ಅವನು ಹಗ್ಗ ನೋಡುತ್ತಿದ್ದ. ಕೆಣಕುವುದನ್ನೂ ಬಿಟ್ಟ. ಮನೆಯಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿರಲಿಲ್ಲ.

ಮುಂದೆ ಗಣೇಶ ಚೌತಿ. ನಮ್ಮ ಕಡೆ ಮನೆಯ ಗಣಪತಿಯ ಮುಂದೆ ಏನಾದರೊಂದು ದೇಖಾವೆ ಮಾಡುವುದು ರೂಢಿ. ನೋಡುವುದಕ್ಕೆ ಊರೆಲ್ಲ ಮನೆ ಮನೆ ತಿರುಗುತ್ತದೆ, ಯಾರದು ಚಲೋ ಎಂದು ವರ್ಷವಿಡೀ ಮಾತಾಡುತ್ತದೆ. ಹಿಂದಿನ ವರ್ಷ ನಾನು ಕನ್ನಡಿಯಲ್ಲಿ ಕೆರೆ ಮಾಡಿದ್ದೆ. ಬಂದ ಹೆಣ್ಣುಮಕ್ಕಳೆಲ್ಲ ಅದರಲ್ಲಿ ಮುಖ ನೋಡಿಕೊಂಡು ಹೋದರು, ಗಣಪತಿಯನ್ನು ಯಾರೂ ನೋಡಲಿಲ್ಲ. ಈ ಸಲ ಓಡುವ ರೈಲು ಮಾಡುತ್ತೇನೆಂದು ಸಾರಿದೆ. ಸುತ್ತಲ ಹಳ್ಳಿಗಳಲ್ಲಿ ಯಾರೂ ಮಾಡಿರಲಿಲ್ಲ. ನನಗೆ ಸಂದೇಹವೇ ಇರಲಿಲ್ಲ. ಸಂದೇಹ ಬರುವುದಕ್ಕೆ ಒಮ್ಮೆಯಾದರೂ ಮಾಡಿ ನೋಡಿರಬೇಕಲ್ಲ.

ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕದವನ್ನು ಜೋಳದ ಚೀಲಗಳ ಮೇಲೆ ಮಲಗಿಸಿದೆ. ಅದು ನನ್ನ ಭೂಮಿ. ಇನ್ನು ಅಳತೆ. ಕಡ್ಡಿಪೆಟ್ಟಿಗೆ ಒಂದು ಡಬ್ಬಿ ಎಂದು ಹಿಡಿದೆ. ಹಳಿಯ ಹತ್ತಿರ ಹೋಗಿ ಹೆಜ್ಜೆಯಲ್ಲಿ ಅಳೆದು ಬಂದು ಲೆಕ್ಕ ಹಾಕಿದರೆ, ಸಂಶಿಯ ಸ್ಟೇಷನ್ನು ನಮ್ಮ ಪಡಸಾಲೆ ದಾಟಿ, ಓಣಿ ದಾಟಿ, ಎದುರು ಮನೆಯವರ ಕೊಟ್ಟಿಗೆಯಲ್ಲಿ ಬೀಳುತ್ತಿತ್ತು. ಸ್ಟೇಷನ್ನು ಬಿಟ್ಟೆ. ಊರು ಸೇರಿಸೋಣವೆಂದರೆ ಅದೂ ಕದದಿಂದ ಹೊರಗೆ. ಎಲ್ಲ ಬಿಟ್ಟು ಬಿಟ್ಟು ಕೊನೆಗೆ ಕದದ ಮೇಲೆ ಉಳಿದದ್ದು ಒಂದು ತಿರುವು, ಒಂದು ಏರು, ಹಳಿ ದಾಟುವ ದಾರಿ, ಒಂದು ಬಣವೆ. ಕೊಡೆಕಡ್ಡಿಗೆ ಹುಟ್ಟಾ ಬಾಗು ಇರುತ್ತದೆ, ಅದು ಅಲ್ಲಿಯ ತಿರುವಿಗೆ ಹೊಂದುತ್ತದೆ, ಅದಕ್ಕೇ ಆ ಜಾಗ ಆರಿಸಿದೆ ಎಂದು ಕೇಳಿದವರಿಗೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ ನನ್ನ ಕೈಗೆ ಬೇರೆ ಜಾಗ ಬರೆಯಲು ಬರುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದರೆ ಅದೇ ಮೂಡುತ್ತಿತ್ತು.

ಅವ್ವ ಕದದ ಮುಂದೆ ನಿಂತು ನೋಡಿದಳು. "ಜಗತ್ತಿನಾಗ ಬ್ಯಾರೆ ಜಾಗಾ ಸಿಗಲಿಲ್ಲೇನಪಾ ನಿನಗ? ಇದೊಂದ ಬಿಟ್ಟು ಏನರ ಮಾಡು. ನಿಮ್ಮ ಕಾಕಾ ನೋಡಿದ್ರ ಏನ ಅನ್ಕೊಂಡಾನು?"

"ಬರೇ ಆಟದ ರೈಲವಾ," ಎಂದೆ.

"ಆಟದ್ದಿದ್ರ ಅದ ಬಣವಿ ಯಾಕ ಬೇಕು?" ಎಂದಳು. ಆದರೂ ತನ್ನ ಹೊಲಿಗೆ ಯಂತ್ರ ಕೊಟ್ಟಳು, ಅದು ಅವ್ವನ ಸ್ವಭಾವ.

ಯಂತ್ರ ಯಾಕೆಂದರೆ ರೈಲನ್ನು ಎಳೆಯಲು. ಹಳಿಯ ಉದ್ದಕ್ಕೂ ದಾರ ಹಾಯಿಸಿ, ಕೋಣೆಯ ಬಾಗಿಲ ಹಿಂದಿದ್ದ ಯಂತ್ರದ ಗಾಲಿಗೆ ಸುತ್ತಿದೆ. ಅವ್ವ ಒಳಗೆ ಕೂತು ಹಿಡಿ ತಿರುವಿದರೆ ಪಡಸಾಲೆಯಲ್ಲಿ ರೈಲು ಚಲಿಸಬೇಕು. ಕೊಡೆಕಡ್ಡಿಯೇ ಹಳಿ, ಅಂಗಿಯ ಗುಂಡಿಯೇ ಗಾಲಿ. ಗುಂಡಿಗಳಿಗೆ ಕಾದ ಸೂಜಿಯಿಂದ ನಟ್ಟನಡುವೆ ತೂತು ಮಾಡಿ ಕಸಬರಿಗೆ ಕಡ್ಡಿಯ ಅಚ್ಚು ಕೂಡಿಸಿದೆ. ಹಳಿಯ ಕೆಳಗಿನ ಅಡ್ಡಪಟ್ಟಿಗಳು ಬೆಂಡಿನವು. ಎಂಜಿನ್ನು ಪೌಡರ್ ಡಬ್ಬಿಯದು. ರೈಲು ಅಂದ ಮೇಲೆ ಹೊಗೆ ಬೇಡವೇ? ನಮ್ಮ ಹೊಲದ್ದೇ ಅರಳೆಯನ್ನು ಮಸಿಯಲ್ಲಿ ಹೊರಳಿಸಿ ಕೊಳವೆಯ ಮೇಲೆ ಎತ್ತರಕ್ಕೆ ನಿಲ್ಲಿಸಿದೆ. ಡೀಸೆಲ್ ಓಡುವ ಹಾದಿಯಲ್ಲಿ ಕಲ್ಲಿದ್ದಲಿನ ಎಂಜಿನ್ನು ಓಡಿಸುತ್ತಿದ್ದೇನೆ ಎಂಬುದು ನನ್ನ ವಿಜ್ಞಾನಕ್ಕೆ ಹೊಳೆಯಲೇ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಗೋಡೆಯ ಮಾಡಿನಲ್ಲಿದ್ದವು, ತಂದಿಟ್ಟೆ. ಅವು ರೈಲಿಗಿಂತ ದೊಡ್ಡವು. ಅಪಘಾತವಾದರೆ ರೈಲಿಗೇ ಆಗಬೇಕು. ಅವನ್ನು ತೆಗೆದು ಹುಣಸೆಬೀಜದಷ್ಟು ಎತ್ತು ಮಾಡಿದೆ.

ಚೌತಿಗೆ ಮೊದಲು ಒಂದು ಮಧ್ಯಾಹ್ನ ಮೊದಲ ಸಲ ಓಡಿಸುವುದೆಂದಾಯಿತು. ಕಾಕಾ ಬರುವುದಿಲ್ಲವೆಂದುಕೊಂಡಿದ್ದೆ. ಬಂದ. ಹೊಸೆಯುತ್ತಿದ್ದ ಹಗ್ಗ ಕೈಯಲ್ಲೇ ಇತ್ತು. ಕದದ ಮುಂದೆ ನೆಲದ ಮೇಲೆ ಕುಳಿತ. ನನ್ನ ಸಣ್ಣ ಎತ್ತಿನ ಗಾಡಿಯ ಹಿಂದೆ ಸರಿಯಾಗಿ ಅವನ ಮುಖ. ಅವನ ಕಣ್ಣು ಕದದ ಅಂಚಿಗೆ ಬಂದಿತ್ತು.

"ತಿರುವಲೇನೋ?" ಎಂದು ಅವ್ವ ಒಳಗಿಂದ ಕೇಳಿದಳು.

"ತಿರುವವಾ."

ರೈಲು ತಡೆತಡೆದು ಹೊರಟಿತು. ಬಣವೆಯ ಮರೆಗೆ ಹೋಯಿತು. ಅದು ಹೊರಗೆ ಬರುವ ಮೊದಲೇ ಕಾಕಾ, "ಬಂತ ನೋಡು," ಎಂದ.

"ಇನ್ನೂ ಬಣವಿ ಹಿಂದ ಐತಿ ಕಾಕಾ. ನಿನಗ ಹೆಂಗ ಕಂಡೀತು?"

"ಹೊಗಿ ಕಾಣತೈತಲ್ಲಲೇ ಮ್ಯಾಲೆ."

ಹಾಗೆಂದವನು ಮತ್ತೆ ಬಣವೆಯ ಕಡೆ ಬಗ್ಗಿದ. ಕೈಯ ಹಗ್ಗ ಕೆಳಗೆ ಬಿತ್ತು. ರೈಲು ಬಣವೆ ದಾಟಿ, ಎತ್ತಿನ ಗಾಡಿ ದಾಟಿ, ಕದದ ತುದಿಗೆ ಹೋಗಿ ನಿಂತಿತು. ಕಾಕಾ ಕೈ ಚಾಚಿ ಎಂಜಿನ್ನಿನ ಮೇಲಿನ ಅರಳೆಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ.

"ಈಗ ಓಡಸು."

ರೈಲನ್ನು ಹಿಂದಕ್ಕೊಯ್ದು ಇಟ್ಟೆ. ಅವ್ವ ತಿರುವಿದಳು. ನಾನು ಕಾಕಾನ ಪಕ್ಕಕ್ಕೆ ಕುಳಿತು, ಅವನ ಕಣ್ಣಿನ ಎತ್ತರಕ್ಕೆ ನನ್ನ ಕಣ್ಣು ತಂದೆ. ಯಂತ್ರದ ಸದ್ದು ಕೇಳುತ್ತಿತ್ತು. ಬಣವೆ ಇತ್ತು, ಬಣವೆಯ ಮೇಲೆ ಖಾಲಿ ಗೋಡೆ. ಏನೂ ಬರುತ್ತಿಲ್ಲ, ಏನೂ ಬರುತ್ತಿಲ್ಲ, ಆಮೇಲೆ ಗಾಡಿಯ ಪಕ್ಕದಲ್ಲೇ ರೈಲು ಇತ್ತು. ನನ್ನ ಮೈ ಹಿಂದಕ್ಕೆ ಬಿತ್ತು, ಆವತ್ತು ಬಿದ್ದ ಹಾಗೆಯೇ.

"ಸಣ್ಣಾಂವ ಇದ್ದಾಗಿಂದ ನಾ ಹೊಗಿ ನೋಡಾಂವ," ಎಂದ ಕಾಕಾ ಮೆಲ್ಲಗೆ. "ಹಳಿ ನೋಡಾಂವ ಅಲ್ಲ. ಆವತ್ತೂ ನೋಡಿದ್ನಿ. ಆಕಾಶ ಅಗದಿ ಸ್ವಚ್ಛ ಇತ್ತು. ರೈಲ ಹೋದ ಮ್ಯಾಲೂ ಸ್ವಚ್ಛ ಇತ್ತು."

ಅವನು ಎದ್ದು ಬಾಗಿಲಿಗೆ ಹೋಗಿ ಕೂಗಿದ: "ಯಣ್ಣಾ, ಇಲ್ಲೆ ಬಾ ಒಂದೀಟ."

ಅಪ್ಪ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತ. ರೈಲು ಓಡಿತು. "ಚಲೋ ಮಾಡ್ಯಾನ," ಎಂದ ಅಪ್ಪ. "ಬಣವಿ ಆಚೀಕಿಂದೂ ಎಲ್ಲಾ ಕಾಣತೈತಿ."

"ನಿಂತ ನೋಡಿದ್ರ ಕಾಣತೈತಿ. ನಾ ಏನ ಗಾಡ್ಯಾಗ ನಿಂತ ಹೊಡಿತೇನು? ಕೆಳಗ ಕುಂದ್ರು."

ಅಪ್ಪ ಕಾಕಾನ ಮಾತಿಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೂತ. ಕಾಕಾ ಅಣ್ಣನ ತಲೆಯನ್ನು ಎರಡೂ ಕೈಯಿಂದ ಹಿಡಿದು, ಎತ್ತಿನ ಕತ್ತು ಸರಿಪಡಿಸುವಂತೆ ಕದದ ಮಟ್ಟಕ್ಕೆ ತಂದು ನಿಲ್ಲಿಸಿದ. ರೈಲು ಮತ್ತೆ ಹೋಯಿತು. ಅಪ್ಪ ಬಹಳ ಹೊತ್ತು ಏಳಲಿಲ್ಲ. ಬೆರಳಿಂದ ಆ ಸಣ್ಣ ಬಣವೆಯನ್ನು ಮುಟ್ಟಿದ.

"ಅಲ್ಲೆ ಒಟ್ಟಸಿದಾಂವ ನಾನ," ಎಂದ. "ಕಿಡಿ ಬೀಳೂದಿಲ್ಲ, ಒಣಾ ಇರತೈತಿ ಅಂತ."

"ಯಾರರ ಒಟ್ಟಸಲಿ. ನಂಗೂ ಹೊಳೀಲಿಲ್ಲ," ಎಂದ ಕಾಕಾ.

"ನಿಲ್ಲಸಲೇನೋ? ಕೈ ನೋಯಾಕತ್ತಾವು," ಎಂದಳು ಒಳಗಿಂದ ಅವ್ವ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ರೈಲು ಕದದ ತುದಿಗೆ ತಾಗಿ, ದಾರ ಹರಿದು, ಯಂತ್ರ ಸುಮ್ಮನೆ ತಿರುಗುತ್ತಿತ್ತು.

ಮರುದಿನ ಮುಂಜಾನೆ ಅಪ್ಪ ಚಹ ಕುಡಿಯದೆ ಹೊಲಕ್ಕೆ ಹೋಗಿದ್ದ. ನಾವು ಹೋಗುವಷ್ಟರಲ್ಲಿ ಬಣವೆಯ ಮೇಲಿನ ಭಾಗ ಇಳಿದಿತ್ತು. ಆಳನ್ನು ಕರೆದಿರಲಿಲ್ಲ, ತಾನೇ ಕಣಿಕೆಯ ಸಿವುಡುಗಳನ್ನು ಹೊತ್ತು ಕೆಳಗಿನ ಜಾಗಕ್ಕೆ ಒಯ್ಯುತ್ತಿದ್ದ. ರುಮಾಲಿನ ತುಂಬ ಕಣಿಕೆಯ ಒಣ ರವದಿಯ ಚೂರು. ಕಾಕಾ ಇನ್ನೊಂದು ಬದಿಯಿಂದ ಹೊರತೊಡಗಿದ. ಅಣ್ಣತಮ್ಮಂದಿರು ಇಡೀ ದಿನ ಒಬ್ಬರಿಗೊಬ್ಬರು ಎದುರಾಗುತ್ತ ಹೊತ್ತರು. ಆ ವರ್ಷ ತಗ್ಗಿನಲ್ಲಿ ನೀರು ನಿಂತು ಬಣವೆಯ ಬುಡದ ಕಣಿಕೆ ಕೊಳೆಯಿತು. ಅಪ್ಪ ಆ ಮಾತನ್ನು ಎತ್ತಲೇ ಇಲ್ಲ.

ಸಂಜೆ ಮನೆಗೆ ಬಂದವನೇ ಅಪ್ಪ ಗೂಟದಿಂದ ಬಾರಕೋಲು ತೆಗೆದು ಕಾಕಾನ ತೊಡೆಯ ಮೇಲೆ ಇಟ್ಟ.

"ಹಿಡಿ. ಎತ್ತು ಆಳಿನ ಮಾತ ಕೇಳವಲ್ವು."

"ಅವು ನಿನ್ನ ಮಾತೂ ಕೇಳೂದಿಲ್ಲ," ಎಂದ ಕಾಕಾ. ಎಷ್ಟೋ ದಿನಗಳ ಮೇಲೆ ಅವ್ವ ನಕ್ಕಳು.

ಚೌತಿಗೆ ಊರೆಲ್ಲ ಬಂತು. ನನ್ನ ರೈಲು ಓಡಿತು, ಆಗಾಗ ಹಳಿ ಬಿಟ್ಟರೂ ಓಡಿತು. ಹೆಸರು ಬಂದದ್ದು ಮಾತ್ರ ನನಗಲ್ಲ. ಕದದ ಮುಂದೆ ಕಾಕಾ ಬಾರಕೋಲು ಹಿಡಿದು ಕೂತುಬಿಟ್ಟಿದ್ದ. ಬಂದವರಾರನ್ನೂ ನಿಂತು ನೋಡಗೊಡಲಿಲ್ಲ. "ಕುಂದರ್ರಿ ಗೌಡ್ರ, ಕೆಳಗ ಕುಂದರ್ರಿ. ಧೋತರ ಹೊಲಸಾದ್ರ ಒಗದ್ರಾತು." ಯಾರೋ, "ರೈಲಿಗೆ ಹೊಗೀನ ಇಲ್ಲಲ್ಲೋ ಈರಪ್ಪಾ?" ಎಂದು ಕೇಳಿದರೆ ಸಾಕು, ಅದಕ್ಕಾಗಿಯೇ ಕಾದವನಂತೆ, "ಇಲ್ಲರಿ. ಅದನ್ನ ತೋರಸಾಕ ಕೂತೇನಿ," ಎನ್ನುತ್ತಿದ್ದ. ಹಬ್ಬ ಮುಗಿಯುವುದರೊಳಗೆ ಹಳಿಯ ಬಾಜುವಿನ ಉಳಿದ ಬಣವೆಗಳೂ ಸರಿದವು. ನನ್ನ ದೇಖಾವೆ ಹೇಗಿತ್ತೆಂದು ಯಾರೂ ಮಾತಾಡಲಿಲ್ಲ. ನನ್ನ ಕನ್ನಡಿ ಕೆರೆಗೂ ಇಷ್ಟು ಅವಮಾನವಾಗಿರಲಿಲ್ಲ.

ಐದನೆಯ ದಿನ ಗಣಪತಿಯನ್ನು ಕಳಿಸಲು ಗಾಡಿ ಹೂಡಿದೆವು. ನೀರಿದ್ದ ಹಳ್ಳ ಹಳಿಯ ಆಚೆ. ರೈಲಿನ ಸದ್ದು ಕಿವಿಗೆ ಬೀಳಲೆಂದು ಕಾಕಾ ಎತ್ತುಗಳ ಕೊರಳಿನ ಗೆಜ್ಜೆಸರ ಬಿಚ್ಚಿಟ್ಟು ಬಂದಿದ್ದ. ಏರಿನ ಕೆಳಗೆ ಗಾಡಿ ನಿಲ್ಲಿಸಿ, ಇಳಿದು, ನಡೆದು ಹಳಿಯ ತನಕ ಹೋದ. ಬಲಕ್ಕೆ ನೋಡಿದ. ಬಣವೆ ಇದ್ದಲ್ಲಿ ಹಳದಿ ಗುರುತಿನ ಒಂದು ತುಂಡು ನೆಲ ಮಾತ್ರ ಉಳಿದಿತ್ತು, ಅದರಾಚೆ ತಿರುವಿನ ಕೊನೆಯವರೆಗೆ ಹಳಿ ಹೊಳೆಯುತ್ತಿತ್ತು. ಎಡಕ್ಕೂ ನೋಡಿದ. ಆಮೇಲೆ ತಲೆ ಎತ್ತಿ ಆಕಾಶ ನೋಡಿದ.

"ಇನ್ನೂ ಹೊಗಿ ನೋಡತೀಯೇನ ಕಾಕಾ?"

"ರೂಢಿ. ಸುಮ್ಮನ ನೋಡಿದ್ನಿ."

ಅವನು ಬಂದು ಗಾಡಿ ಏರಿದ. ನಾನು ಆಗಲೇ ಹಿಂದೆ ಇಳಿದು ಗಾಡಿಗೆ ಕೈ ಕೊಟ್ಟು ನಿಂತಿದ್ದೆ. ಏರು ಬಂದರೆ ಇಳಿಯುವುದು ನನ್ನ ರೂಢಿ. ಕಾಕಾ ತಿರುಗಿ ನೋಡದೆಯೇ ಹೇಳಿದ:

"ಏರಲೇ ಮಲ್ಲೂ. ಹಿಂದ ಉಳದು ಡಬ್ಬಿ ಎಣಸೂದ ಬ್ಯಾಡ."

ನಾನು ಎಣಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಆಚೆ ನಿಂತವನಿಗೆ ಹೇಗೆ ಗೊತ್ತಾಯಿತೋ, ಬಹುಶಃ ಅವನೂ ಆ ಕಡೆಯಿಂದ ಎಣಿಸುತ್ತಿದ್ದ. ಹತ್ತಿ, ಗಣಪತಿಯ ಬಾಜುವಿಗೆ ಕುಳಿತೆ. ಕಾಕಾ ಬಾಯಲ್ಲಿ ಸಣ್ಣ ಸದ್ದು ಮಾಡಿದ. ಗಾಲಿ ಮೊದಲನೆಯ ಹಳಿಯನ್ನು ಏರಿ ಇಳಿಯಿತು, ಎರಡನೆಯದನ್ನೂ ಏರಿ ಇಳಿಯಿತು. ಎಲ್ಲರೂ ಆಚೆ ಇದ್ದೆವು.